ಆಟದ ರೈಲಿನ ಮಸಿಯನ್ನೂ ಬಣ್ಣವೆಂದು ಓದಿದ ಯಂತ್ರ ಮಹಾಶಯರಿಗೆ

ಇವರಿಗೆ,
ಬಣ್ಣ ಬೆರೆಸುವ ಯಂತ್ರ ಮಹಾಶಯರು,
ತಿಪ್ಪೇರುದ್ರಪ್ಪನವರ ಬಣ್ಣದ ಅಂಗಡಿ,
ಹೊಳಲ್ಕೆರೆ ರಸ್ತೆ, ಚಿತ್ರದುರ್ಗ.

ಮಾನ್ಯರೇ,

ತಮ್ಮ ನಲ್ಲಿಗಳು ಕಟ್ಟಿಕೊಳ್ಳದೆ, ತಮ್ಮ ಹೊಟ್ಟೆಯೊಳಗಿನ ಬಣ್ಣಗಳು ಒಣಗದೆ, ದಿನಕ್ಕೆ ನಾಲ್ಕು ಸಲ ಕರೆಂಟು ಹೋಗಿ ಬಂದರೂ ನೆನಪಿನ ಶಕ್ತಿ ಕುಂದದೆ ತಾವು ಸುಖವಾಗಿದ್ದೀರೆಂದು ನಂಬಿ, ಮದಕರಿಪುರದ ಏಕನಾಥಮ್ಮ ಎಂಬ ನಾನು ಮಾಡುವ ನಮಸ್ಕಾರಗಳು. ಇತ್ತ ನಮ್ಮ ಮನೆಯಲ್ಲಿ ಎಲ್ಲರೂ ಕ್ಷೇಮ. ಒಂದು ತಗಡಿನ ಆಟದ ರೈಲಿಗೆ ಮಾತ್ರ ಕ್ಷೇಮವಿಲ್ಲ, ಮತ್ತು ಆ ರೈಲಿನ ದೆಸೆಯಿಂದ ಹಿರಿಯೂರಿನಲ್ಲಿರುವ ನನ್ನ ತಂಗಿ ಓಬವ್ವನಿಗೂ ನನಗೂ ನಲವತ್ತೊಂದು ದಿನ ಮಾತು ನಿಂತಿತ್ತು. ಆ ವಿಷಯವನ್ನು ತಮ್ಮ ಗಮನಕ್ಕೆ ತರಲು ಈ ಪತ್ರ.

ಮಾಲೀಕರನ್ನು ಬಿಟ್ಟು ನೇರವಾಗಿ ತಮಗೆ, ಅದೂ ಹತ್ತು ಜನ ಓದುವ ಪತ್ರಿಕೆಯಲ್ಲಿ ಬರೆಯುತ್ತಿರುವುದಕ್ಕೆ ಕಾರಣವುಂಟು. ನಾನು ಪ್ರತಿ ಸಲ ಡಬ್ಬಿ ಹಿಡಿದು ದೂರು ಹೇಳಲು ಬಂದಾಗಲೂ ತಿಪ್ಪೇರುದ್ರಪ್ಪನವರು ಕೈ ಮುಗಿದು, ಇದು ಯಂತ್ರ ಹೇಳಿದ್ದಮ್ಮ, ನಾನು ಹೇಳಿದ್ದಲ್ಲ ಎಂದರು. ಹೇಳಿದವರು ಒಬ್ಬರಿರುವಾಗ ಪಕ್ಕದಲ್ಲಿ ನಿಂತವರನ್ನು ಬೈಯುವುದು ನನ್ನ ಸ್ವಭಾವವಲ್ಲ. ನಾನು ಹೊಸದುರ್ಗದ ಹೈಸ್ಕೂಲಿನಲ್ಲಿ ಹತ್ತನೆಯ ತರಗತಿಯನ್ನು ಒಂದೇ ಸಲಕ್ಕೆ ಪಾಸು ಮಾಡಿದವಳು. ಆ ಕಾಲಕ್ಕೆ ಕುರಿ ಸಾಕುವ ನಮ್ಮಂಥ ಮನೆಗಳಲ್ಲಿ ಹೆಣ್ಣುಮಕ್ಕಳನ್ನು ಅಷ್ಟು ದೂರ ಓದಿಸುತ್ತಿದ್ದುದು ಕಡಿಮೆ. ಆದ್ದರಿಂದ ಯಾರಿಗೆ ಅರ್ಜಿ ಬರೆಯಬೇಕೆಂಬುದು ನನಗೆ ಚೆನ್ನಾಗಿ ಗೊತ್ತು.

ಮೊದಲು ರೈಲಿನ ವಿಚಾರ ಹೇಳುತ್ತೇನೆ. ಕೀಲಿ ಕೊಟ್ಟರೆ ಓಡುವ ಒಂದು ಎಂಜಿನ್ನು, ಅದರ ಹಿಂದೆ ಬಾಗಿಲು ತೆರೆಯುವ ಮೂರು ಡಬ್ಬಿ, ಎಲ್ಲವೂ ತಗಡಿನವು. ನಮ್ಮ ತಂದೆ ಚಿಕ್ಕತಿಮ್ಮಪ್ಪನವರು ಹೊಳಲ್ಕೆರೆ ಕಡೆ ಕುರಿ ಮೇಯಿಸಲು ಹೋಗಿದ್ದಾಗ, ವರ್ಗವಾಗಿ ಹೊರಟಿದ್ದ ಒಬ್ಬ ಸ್ಟೇಷನ್ ಮಾಸ್ತರರಿಗೆ ಹೊಸ ಕರಿಕಂಬಳಿಯೊಂದನ್ನು ಕೊಟ್ಟು ಅವರ ಮಗ ಆಡಿ ಬಿಟ್ಟಿದ್ದ ಈ ರೈಲನ್ನು ತಂದಿದ್ದರು. ನಮ್ಮವ್ವ ಕಂಬಳಿ ಹೋಯಿತೆಂದು ಎಂಟು ದಿನ ಅವರ ಜೊತೆ ಮಾತಾಡಲಿಲ್ಲ. ನಾನೂ ಓಬವ್ವನೂ ಎಂಟು ದಿನ ಊಟ ಬಿಟ್ಟು ರೈಲು ಓಡಿಸಿದೆವು.

ವರ್ಷಕ್ಕೆರಡು ಸಲ ಉಣ್ಣೆ ಕತ್ತರಿಸಿದ ಮೇಲೆ ಕುರಿಗಳ ಬೆನ್ನಿಗೆ ಗುರುತಿನ ಬಣ್ಣ ಹಚ್ಚುತ್ತಾರೆ. ಇಂಥ ಬಣ್ಣ ಇಂಥವರ ಮಂದೆಯದೆಂದು ದೂರದಿಂದಲೇ ತಿಳಿಯಲಿ ಎಂದು. ನಮ್ಮ ಮಂದೆಯ ಗುರುತು ಕೆಂಪು. ಕೆಮ್ಮಣ್ಣನ್ನು ಹರಳೆಣ್ಣೆಯಲ್ಲಿ ಕಲಸಿ ಅಪ್ಪ ತಾವೇ ತಯಾರಿಸುತ್ತಿದ್ದರು. ಕೊನೆಯ ಕುರಿಗೆ ಹಚ್ಚಿದ ಮೇಲೆ ಗಡಿಗೆಯಲ್ಲಿ ಉಳಿದದ್ದನ್ನು ರೈಲಿಗೆ ಬಳಿಯುತ್ತಿದ್ದರು. ಇದೂ ನಮ್ಮದೇ, ತಪ್ಪಿಸಿಕೊಂಡರೆ ಯಾರಾದರೂ ಹೊಡೆದುಕೊಂಡು ಬಂದು ಬಿಡಲಿ ಎನ್ನುತ್ತಿದ್ದರು. ಹೀಗಾಗಿ ಆ ರೈಲು ಕಾರ್ಖಾನೆಯಿಂದ ಯಾವ ಬಣ್ಣದಲ್ಲಿ ಹೊರಟಿತ್ತೋ ನಮಗೆ ತಿಳಿಯದು. ನಮ್ಮ ಮನೆಯಲ್ಲಿ ಅದು ಕೆಂಪು. ಹದಿನೆಂಟನೆಯ ವರ್ಷದಲ್ಲಿ ನಾನು ಮದುವೆಯಾಗಿ ಈ ಊರಿಗೆ ಬಂದಾಗ ಹನ್ನೆರಡು ವರ್ಷದ ಓಬವ್ವನಿಗೆ ಆ ರೈಲನ್ನು ಒಪ್ಪಿಸಿ ಬಂದಿದ್ದೆ. ಅಪ್ಪ ತೀರಿಕೊಂಡ ಮೇಲೆ ತವರಿನ ಪಾತ್ರೆಪಗಡೆಗಳ ಜೊತೆ, ಧೂಳು ಹಿಡಿದು ಬಣ್ಣವೇ ಕಾಣದಂತಾಗಿದ್ದ ಅದನ್ನೂ ನಾನೇ ಎತ್ತಿಕೊಂಡು ಬಂದೆ. ಓಬವ್ವ ಬೇಡವೆನ್ನಲಿಲ್ಲ. ಬೇಕೇ ಎಂದು ನಾನೂ ಕೇಳಲಿಲ್ಲ. ಅಲ್ಲಿಂದ ಮುಂದೆ ಅದು ನಮ್ಮ ಅಡುಗೆಮನೆಯ ಅಟ್ಟದಲ್ಲಿ, ಸೌದೆ ಒಲೆಯ ನೆತ್ತಿಯ ಮೇಲೆ ವಾಸವಾಗಿತ್ತು.

ಈ ವರ್ಷ ಓಬವ್ವನಿಗೆ ಅರವತ್ತು ತುಂಬುತ್ತದೆ. ರೈಲನ್ನು ಮೊದಲಿನಂತೆ ಮಾಡಿ ಅವಳಿಗೆ ಕೊಡಬೇಕೆಂದು ನಾನು ನಿಶ್ಚಯಿಸಿದೆ. ಗುಟ್ಟಾಗಿಟ್ಟಿದ್ದರೆ ಆಗುತ್ತಿತ್ತು. ಆದರೆ ದಿನಾ ಬೆಳಿಗ್ಗೆ ಹನ್ನೊಂದು ಗಂಟೆಗೆ ಅವಳು ಫೋನು ಮಾಡುವ ಪದ್ಧತಿ. ಆ ಹೊತ್ತಿಗೆ ಹೇಳಲು ಬೇರೆ ವಿಷಯವಿರಲಿಲ್ಲ. ಅಪ್ಪ ಬಳಿದಿದ್ದ ಕೆಂಪನ್ನೇ ಬಳಿಸಿಕೊಡುತ್ತೇನೆ ಎಂದೆ. ಅವಳು ಅದು ಕೆಂಪಲ್ಲ, ನೀಲಿ ಎಂದಳು. ನನಗಿಂತ ಆರು ವರ್ಷ ಚಿಕ್ಕವಳು ನನ್ನ ತವರಿನ ಬಣ್ಣವನ್ನು ನನಗೇ ಹೇಳಿಕೊಡುವುದನ್ನು ನಾನು ಸಹಿಸಲಿಲ್ಲ. ನಾನಂದದ್ದನ್ನು ಮುಚ್ಚಿಡದೆ ಬರೆಯುತ್ತೇನೆ: "ಲೇ ಓಬವ್ವ, ನೀನಾಗ ಮೂಗು ಒರೆಸ್ಕಳಾಕೂ ಬರ್ದಿದ್ದ ಮಗು, ನಿನಗೇನು ನೆಪ್ಪಿರ್ತೈತೆ." ಅದಕ್ಕವಳು ಜಗಳವಾಡಲಿಲ್ಲ. "ಆತು ಬಿಡಕ್ಕ," ಎಂದು ಫೋನಿಟ್ಟಳು. ಮರುದಿನ ಹನ್ನೊಂದಕ್ಕೆ ಫೋನು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಇಂಥ ಸಮಯದಲ್ಲಿ ಪಕ್ಷಪಾತವಿಲ್ಲದ ಒಬ್ಬ ನ್ಯಾಯಾಧೀಶರು ನನಗೆ ಬೇಕಾಗಿತ್ತು. ನಮ್ಮ ಸೊಸೆ ಮಮತಾ ತಮ್ಮ ಹೆಸರು ಹೇಳಿದಳು. ತಮಗೆ ಉದ್ದನೆಯ ತಂತಿಯ ತುದಿಯಲ್ಲಿ ಒಂದು ಕಣ್ಣುಂಟೆಂದೂ, ಅದನ್ನು ಯಾವ ವಸ್ತುವಿನ ಮೇಲಿಟ್ಟರೂ ಅದರ ಬಣ್ಣವನ್ನು ಓದಿ, ಅದೇ ಬಣ್ಣವನ್ನು ಬೆರೆಸಿ, ಹೆಸರು ಬರೆದ ಚೀಟಿ ಸಮೇತ ಡಬ್ಬಿಗೆ ಸುರಿದುಕೊಡುತ್ತೀರೆಂದೂ ತಿಳಿಸಿದಳು. ತಿಪ್ಪೇರುದ್ರಪ್ಪನವರು ತಮ್ಮ ಮುಂದೆ ಊದುಬತ್ತಿ ಹಚ್ಚಿಟ್ಟಿದ್ದನ್ನು ಕಂಡು ನನಗೆ ನಂಬಿಕೆ ಹುಟ್ಟಿತು. ಎಂಜಿನ್ನನ್ನು ತಮ್ಮ ಕಣ್ಣಿಗೆ ಹಿಡಿದೆವು. ತಾವು ಒಂದು ಕ್ಷಣವೂ ಅನುಮಾನಿಸದೆ ತೀರ್ಪು ಕೊಟ್ಟಿರಿ. ಚೀಟಿಯಲ್ಲಿ 'ಈವನಿಂಗ್ ಮಶ್ರೂಮ್' ಎಂದಿತ್ತು. ಹಾಗೆಂದರೇನೆಂದು ಮಮತಾಳನ್ನು ಕೇಳಿದೆ. ಸಂಜೆಯ ಅಣಬೆ ಎಂದಳು. ಬೆಳಗಿನ ಅಣಬೆಗೂ ಸಂಜೆಯ ಅಣಬೆಗೂ ಇರುವ ವ್ಯತ್ಯಾಸವನ್ನು ಅರಿತ ಕಣ್ಣು ತಮ್ಮದು.

ಮನೆಗೆ ಬಂದು ಆ ಬಣ್ಣವನ್ನು ಪರೀಕ್ಷೆಗೆಂದು ಅಡುಗೆಮನೆಯ ಗೋಡೆಗೆ ಒಂದು ಗೆರೆ ಎಳೆದೆ. ಗೆರೆ ಕಾಣಲಿಲ್ಲ. ಎರಡನೆಯ ಗೆರೆಯೂ ಕಾಣಲಿಲ್ಲ. ಕುಂಚದಲ್ಲಿ ಬಣ್ಣವಿದೆಯೋ ಇಲ್ಲವೋ ಎಂದು ಬೆರಳಿಗೆ ಹಚ್ಚಿ ನೋಡಿಕೊಂಡ ಮೇಲೆ ತಮ್ಮ ಪ್ರತಿಭೆ ನನಗೆ ಅರ್ಥವಾಯಿತು. ತಾವು ಓದಿದ್ದು ರೈಲನ್ನಲ್ಲ, ನಮ್ಮ ಒಲೆಯನ್ನು. ಮೂವತ್ತು ವರ್ಷ ಕೂತ ಹೊಗೆ, ಒಗ್ಗರಣೆಯ ಜಿಡ್ಡು, ರೊಟ್ಟಿ ಸುಟ್ಟ ವಾಸನೆ, ಎಲ್ಲವನ್ನೂ ಒಂದು ಕೂದಲೆಳೆಯೂ ಹೆಚ್ಚುಕಡಿಮೆಯಾಗದಂತೆ ಡಬ್ಬಿಯಲ್ಲಿ ತುಂಬಿಸಿಕೊಟ್ಟಿದ್ದಿರಿ. ಹೊಸ ಮನೆ ಕಟ್ಟಿದವರು ಯಾರಾದರೂ ಮನೆಯ ಗೋಡೆಗಳು ನಾಳೆಯೇ ಮಸಿ ಹಿಡಿದಂತೆ ಕಾಣಬೇಕೆಂದು ಬಯಸಿದರೆ ತಮ್ಮ ವಿಳಾಸವನ್ನು ಸಂತೋಷದಿಂದ ಕೊಡುತ್ತೇನೆ.

"ಅತ್ತೆ, ಮೊದ್ಲು ಅದನ್ನ ತೊಳೀಬೇಕಿತ್ತೇನೋ," ಎಂದು ಮಮತಾ ಮೆಲ್ಲಗೆ ಅಂದಳು. ಸೊಸೆ ಹೇಳಿದಳೆಂದು ತೊಳೆಯದಿರುವ ಅತ್ತೆ ನಾನಲ್ಲ, ಆದರೆ ಅವಳು ಹೇಳಿದಂತೆ ಸೋಪಿನ ನೀರಿನಲ್ಲಿ ತೊಳೆಯಲಿಲ್ಲ. ಲೋಹದ ವಸ್ತುವನ್ನು ಹೇಗೆ ತೊಳೆಯಬೇಕೆಂಬುದನ್ನು ನನಗೆ ನಮ್ಮವ್ವ ಕಲಿಸಿದ್ದಳು. ಹುಣಸೆಹಣ್ಣು, ಬೂದಿ, ತೆಂಗಿನ ನಾರು ತೆಗೆದುಕೊಂಡು ಹಿತ್ತಲಿನ ಕಲ್ಲಿನ ಮೇಲೆ ಕೂತು, ಹಬ್ಬದ ಹಿಂದಿನ ದಿನ ಹಂಡೆ ಬೆಳಗುವಂತೆ ಎಂಜಿನ್ನನ್ನೂ ಮೂರು ಡಬ್ಬಿಗಳನ್ನೂ ತಿಕ್ಕಿದೆ. ಮೊದಲು ಕರೀ ನೀರು ಹೋಯಿತು. ಆಮೇಲೆ ಸ್ವಲ್ಪ ನೀಲಿಯಾಗಿ ಹೋಯಿತು. ಅಟ್ಟದಲ್ಲಿದ್ದಾಗ ಬಿಳಿ ಬಟ್ಟೆಗೆ ಹಾಕುವ ನೀಲಿಪುಡಿ ಅದರ ಮೇಲೆ ಚೆಲ್ಲಿರಬೇಕೆಂದುಕೊಂಡು ಇನ್ನೂ ಜೋರಾಗಿ ತಿಕ್ಕಿದೆ. ಕೊನೆಗೆ ಹರಳೆಣ್ಣೆ ಕುಡಿದು ತಗಡಿಗೆ ಕಚ್ಚಿಕೊಂಡಿದ್ದ ನಮ್ಮಪ್ಪನ ಕೆಂಪು ಕಾಣಿಸಿತು. ಆ ಗಳಿಗೆಯಲ್ಲಿ ನನಗಾದ ಸಂತೋಷ, ಹತ್ತನೆಯ ತರಗತಿಯ ಫಲಿತಾಂಶ ಬಂದ ದಿನವೂ ಆಗಿರಲಿಲ್ಲ.

ಕೂಡಲೇ ತಮ್ಮ ಸನ್ನಿಧಿಗೆ ಎರಡನೆಯ ಸಲ ಬಂದೆ. ತಾವೂ ಕೆಂಪೆಂದಿರಿ. ಆದರೆ ಎಂಥ ಕೆಂಪು ಕೊಟ್ಟಿರಿ ಎಂಬುದನ್ನು ಹೇಳಲೇಬೇಕು. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಸರಿಯಾಗಿದ್ದದ್ದು ನಮ್ಮ ಅಂಗಳದ ಬಿಸಿಲಿಗೆ ಬಂದ ಕೂಡಲೇ ಸಾರಿಗೆ ಬಸ್ಸಿನಂತಾಯಿತು. ಮೂರನೆಯ ಸಲ ಕೊಟ್ಟದ್ದು ಹಸಿಯಿದ್ದಾಗ ಕುಂಕುಮ, ಒಣಗಿದ ಮೇಲೆ ಇಟ್ಟಿಗೆ. ನಾಲ್ಕನೆಯದು ಇಟ್ಟಿಗೆಗೆ ಹಾಲು ಸುರಿದಂತಿತ್ತು. ನಾನು ತಮ್ಮಿಂದ ಕೇಳಿದ್ದಾದರೂ ಎಷ್ಟು? ಮೋಡವಿಲ್ಲದ ದಿನ ಸಂಜೆ ಐದು ಗಂಟೆಗೆ, ನೀರು ಕುಡಿದು ಬರುವ ಕುರಿಯ ಬೆನ್ನ ಮೇಲೆ, ಬಳಿದು ಎಂಟನೆಯ ದಿನಕ್ಕೆ ಇರುವ ಕೆಂಪು, ಅಷ್ಟೇ. ತಿಪ್ಪೇರುದ್ರಪ್ಪನವರು ಈ ವಿವರವನ್ನು ತಮ್ಮೊಳಗೆ ತುಂಬಿಸುವ ಗುಂಡಿ ಯಾವುದೋ ನನಗೆ ಗೊತ್ತಿಲ್ಲಮ್ಮ ಎಂದರು. ಆದರೂ ಐದನೆಯ ಸಲ ತಾವು ಅದೃಷ್ಟದಿಂದಲೋ ಬೇಸತ್ತೋ ಸರಿಯಾದ ಕೆಂಪನ್ನು ಕೊಟ್ಟಿರಿ. ಎಂಜಿನ್ನಿನ ಹಳೆಯ ಕೆಂಪಿನ ಪಕ್ಕದಲ್ಲಿ ಹಚ್ಚಿದರೆ ಎಲ್ಲಿ ಅಪ್ಪನದು ಮುಗಿದು ತಮ್ಮದು ಶುರುವಾಯಿತೆಂದು ನನಗೇ ತಿಳಿಯಲಿಲ್ಲ. ನ್ಯಾಯವಾಗಿ ಹೊಗಳಬೇಕಾದ ಕಡೆ ಹೊಗಳಿದ್ದೇನೆ.

ಹೊಗಳಿ ಸುಮ್ಮನಿದ್ದರೆ ಆಗುತ್ತಿತ್ತು. ಎಂಜಿನ್ನಿನ ಫೋಟೋವನ್ನೂ ತಮ್ಮ ಚೀಟಿಯ ಫೋಟೋವನ್ನೂ ಮಮತಾಳ ಕೈಯಲ್ಲಿ ಓಬವ್ವನ ಮೊಬೈಲಿಗೆ ಕಳಿಸಿದೆ. ಕೆಳಗೆ "ಯಂತ್ರವೇ ಹೇಳಿದೆ" ಎಂದು ಬರೆಸಿದೆ. ಅವಳು ನೋಡಿದ್ದಕ್ಕೆ ಸಾಕ್ಷಿಯಾಗಿ ಎರಡು ಗೆರೆಗಳು ನೀಲಿಯಾದವು. ಉತ್ತರವೆಂದು ಬಂದದ್ದು ಅವೆರಡೇ. ಮಮತಾ ನಗು ತಡೆದುಕೊಂಡು ಒಳಗೆ ಹೋದಳು.

ಇನ್ನು ಮುಂದಿನದನ್ನು ತಾವು ಗಮನವಿಟ್ಟು ಓದಬೇಕು. ಡಬ್ಬಿಗಳಿಗೂ ಕೆಂಪು ಬಳಿಯುವ ಮೊದಲು ಚಕ್ರಗಳಿಗೆ ಎಣ್ಣೆ ಬಿಡೋಣವೆಂದು ಕೊನೆಯ ಡಬ್ಬಿಯನ್ನು ಕೈಗೆತ್ತಿಕೊಂಡೆ. ಅದರ ಬಾಗಿಲು ತುಕ್ಕು ಹಿಡಿದು ಮುಚ್ಚಿಕೊಂಡಿತ್ತು. ನನ್ನ ಹುಣಸೆಹಣ್ಣು ಒಳಗೆ ಹೋಗಿರಲಿಲ್ಲ. ಎಣ್ಣೆ ಬಿಟ್ಟು ಸೂಜಿಯಿಂದ ಮೀಟಿದಾಗ ತೆರೆಯಿತು. ಬಾಗಿಲ ಒಳಮೈಗೆ, ಮೂಲೆಯಲ್ಲಿ, ಅವರೆಕಾಳಿನಷ್ಟು ಅಗಲಕ್ಕೆ ನೀಲಿ ಬಣ್ಣವಿತ್ತು. ದಪ್ಪವಾಗಿ ಬಳಿದಿದ್ದ ನೀಲಿ. ಅದರಲ್ಲಿ ಒಂದು ಕುರಿಯ ಕೂದಲು ಅಂಟಿಕೊಂಡಿತ್ತು. ಅಂಚಿನಲ್ಲಿ ಚಕ್ಕೆಯೆದ್ದ ಕಡೆ ನೀಲಿಯ ಕೆಳಗೆ ಕೆಂಪು ಕಾಣುತ್ತಿತ್ತು. ಆ ಮೂಲೆಗೆ ಕುರಿಗೆ ಬಳಿಯುವ ದಪ್ಪ ಕುಂಚ ಹೋಗುವುದಿಲ್ಲ, ಬೆರಳಿನಿಂದಲೇ ಬಳಿಯಬೇಕು. ನನ್ನ ಕಿರುಬೆರಳನ್ನು ತೂರಿಸಿ ನೋಡಿದೆ. ಹೋಗಲಿಲ್ಲ. ನಮ್ಮಪ್ಪನ ಬೆರಳಂತೂ ಹೋಗುವ ಮಾತೇ ಇಲ್ಲ.

ಹಿತ್ತಲಿನ ಕಲ್ಲಿನ ಮೇಲೆ ಹರಿದುಹೋದ ನೀಲಿ ನೀರು ಯಾವ ಪುಡಿಯದೆಂದು ಆಗ ನನಗೆ ತಿಳಿಯಿತು. ತಂಗಿಯ ಮಾತು ನಿಜವೆನ್ನುವ ಸಾಕ್ಷಿಯನ್ನು ಅವಳಿಗೆ ತೋರಿಸುವ ಮೊದಲೇ ನಾನು ನಾರಿನಲ್ಲಿ ತಿಕ್ಕಿ ಚರಂಡಿಗೆ ಬಿಟ್ಟಿದ್ದೆ.

ಆ ಡಬ್ಬಿಯನ್ನು ಹಿಡಿದು ಓಡಿಬಂದದ್ದು ತಮ್ಮ ಬಳಿಗೇ. ಈ ನೀಲಿಯನ್ನು ಓದಿಕೊಟ್ಟರೆ ಯಾರಿಗೂ ಏನನ್ನೂ ಹೇಳದೆ ಬಳಿದು ಕಳಿಸಿಬಿಡಬಹುದೆಂಬ ಯೋಚನೆ ನನ್ನದಾಗಿತ್ತು. ಆದರೆ ತಾವು ಓದಲಿಲ್ಲ. ತಮ್ಮ ಕಣ್ಣಿಗೆ ಕಡೇಪಕ್ಷ ಒಂದು ರೂಪಾಯಿಯ ಅಗಲವಾದರೂ ಜಾಗ ಬೇಕಂತೆ, ಅದೂ ಮೂಲೆಯಲ್ಲಿರಬಾರದಂತೆ. ಮನೆಯ ಗೋಡೆಗಳನ್ನೆಲ್ಲ ಒಂದೇ ನೋಟಕ್ಕೆ ಓದುವ ತಾವು, ಮಸಿಯನ್ನು ಅಷ್ಟು ಪ್ರೀತಿಯಿಂದ ಓದಿದ ತಾವು, ಬೇಕಾದ ಒಂದೇ ಒಂದು ಕಾಳಿನಷ್ಟು ಬಣ್ಣದ ಮುಂದೆ ಕಣ್ಣು ಮುಚ್ಚಿಕೊಂಡಿರಿ. ಬೇರೆ ದಾರಿಯಿಲ್ಲದೆ ನಾನು ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಹಿರಿಯೂರಿನ ಬಸ್ಸು ಹತ್ತಬೇಕಾಯಿತು. ಅರವತ್ತಾರು ವರ್ಷದಲ್ಲಿ ನಾನು ಯಾರ ಮನೆಗೂ ಕರೆಯದೆ ಹೋದವಳಲ್ಲ.

ಓಬವ್ವನ ಮನೆ ತೆಂಗಿನಕಾಯಿ ಮಂಡಿಯ ಹಿಂದೆ. ನನ್ನನ್ನು ಕಂಡು ಅವಳು ಬಾ ಎಂದಳು, ಕುಂತ್ಕ ಎಂದಳು, ಕಾಫಿ ಇಟ್ಟಳು. ನಾನು ಟವೆಲು ಬಿಚ್ಚಿ, ಬಾಗಿಲು ತೆರೆದು, ಡಬ್ಬಿಯನ್ನು ಅವಳ ಮುಂದಿಟ್ಟೆ. ಅವಳು ಕನ್ನಡಕ ಹಾಕಿಕೊಂಡು ನೋಡಿದಳು. ಆಮೇಲೆ ನನಗೆ ಗೊತ್ತಿಲ್ಲದ ಒಂದು ವಿಷಯವನ್ನು, ಗೊತ್ತಿರುವವರಿಗೆ ನೆನಪಿಸುವಂತೆ ಹೇಳಿದಳು.

"ನಿನ್ ಮದ್ವಿಗೆ ಅಪ್ಪ ಹನ್ನೆರ್ಡು ಕುರಿ ಕೊಟ್ಟ ನೋಡು, ಅವು ಕೆಂಪು ಗುರುತಿನಾಗೇ ನಿನ್ ಜೊತಿಗೆ ಬಂದ್ವು. ನಾಳೆ ಮೇವಿಗೆ ಹೋದಲ್ಲಿ ನಿಮ್ಮವು ನಮ್ಮವು ಕಲೆತ್ರೆ ಯಾರೂ ನಿನ್ನವನ್ನ ನಮ್ಮವು ಅನ್ಬಾರ್ದು ಅಂತ ಅಪ್ಪ ಕೆಂಪನ್ನ ನಿನಗೇ ಬಿಟ್ಟ. ಅವತ್ತಿನಿಂದ ನಾವು ನೀಲಿ ಆದ್ವಿ ಅಕ್ಕ."

ಮಾನ್ಯರೇ, ನನ್ನ ಹನ್ನೆರಡು ಕುರಿಗಳ ಬೆನ್ನ ಮೇಲಿನ ಕೆಂಪನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ. ಅದು ತವರಿನ ಗುರುತೆಂದು ಈ ಊರಿನ ಹೆಂಗಸರ ಮುಂದೆ ಹೆಮ್ಮೆಯಿಂದ ಹೇಳಿಕೊಂಡಿದ್ದೇನೆ. ನಾನು ಹೊರಟು ಬಂದ ವರ್ಷವೇ ಆ ಮನೆಯವರು ಕೆಂಪನ್ನು ನನ್ನ ಕೈಗಿತ್ತು ತಾವು ಬೇರೆ ಬಣ್ಣಕ್ಕೆ ಹೋದರೆಂದು ನನಗೆ ಯಾರೂ ಹೇಳಿರಲಿಲ್ಲ. ಹಬ್ಬಕ್ಕೆ ತವರಿಗೆ ಹೋದಾಗ ಮಂದೆಯ ಕಡೆ ತಿರುಗಿ ನೋಡಿದ್ದರೆ ನನಗೇ ಕಾಣುತ್ತಿತ್ತು. ಹೊಸ ಸೀರೆ ಉಟ್ಟು ಹೋದವಳು ದೊಡ್ಡಿಯ ಹತ್ತಿರ ಯಾಕೆ ಹೋಗುತ್ತಾಳೆ. ಅಪ್ಪ ಆ ವರ್ಷ ಉಳಿದ ನೀಲಿಯನ್ನು ರೈಲಿಗೆ ಬಳಿಯಲು ಓಬವ್ವನ ಕೈಗೇ ಕೊಟ್ಟರಂತೆ; ಜೊತೆಗೆ ಆಡುವವರು ಇಲ್ಲವಲ್ಲ, ಇದನ್ನಾದರೂ ಮಾಡು ಎಂದರಂತೆ. ಆರಿದ ಕಾಫಿಯನ್ನು ಓಬವ್ವ ಇನ್ನೊಮ್ಮೆ ಬಿಸಿ ಮಾಡಿಕೊಂಡು ಬಂದಳು. ಅದೂ ಆರಿತು.

ಇದರಲ್ಲಿ ತಮ್ಮ ತಪ್ಪೇನೆಂದು ತಾವು ಕೇಳಬಹುದು. ತಪ್ಪೆಲ್ಲ ತಮ್ಮದೇ. ಮೇಲಿನದನ್ನು ಮಾತ್ರ ಓದಿ ಅದೇ ನಿಜವೆಂದು ಚೀಟಿ ಕೊಡುವವರು ತಾವು. ಮಸಿಯಿದ್ದಾಗ ಮಸಿ ಎಂದಿರಿ, ತಿಕ್ಕಿದ ಮೇಲೆ ಕೆಂಪೆಂದಿರಿ. ನಡುವೆ ಇನ್ನೊಂದಿತ್ತಲ್ಲ ಎಂದು ತಮಗೆ ಒಮ್ಮೆಯೂ ಅನ್ನಿಸಲಿಲ್ಲ. ಆದ್ದರಿಂದ ಮುಂದೆ ಯಾರಾದರೂ ಹಿರಿಯ ಹೆಂಗಸು ಹಳೆಯ ಆಟದ ಸಾಮಾನು ಹಿಡಿದುಕೊಂಡು ಬಂದು ಇದು ಇಂಥದೇ ಬಣ್ಣವೆಂದು ಗಟ್ಟಿಯಾಗಿ ಹೇಳಿದರೆ, ತಾವು ನಲ್ಲಿ ತಿರುಗಿಸುವ ಮೊದಲು, ಅಮ್ಮ, ತಂಗಿಯನ್ನು ಕೇಳಿದಿರಾ ಎಂದು ವಿಚಾರಿಸಬೇಕೆಂದು ವಿನಂತಿ. ತಂಗಿಯಿಲ್ಲ ಎಂದರೆ ತಮ್ಮನನ್ನು ಕೇಳಿಸಬೇಕು. ಯಾರೂ ಇಲ್ಲದವರಿಗೆ ಒಂದು ವಾರ ತಡೆದು ಬಣ್ಣ ಕೊಡಬೇಕು.

ಮರುದಿನ ಓಬವ್ವ ನನ್ನ ಜೊತೆ ದುರ್ಗಕ್ಕೆ ಬಂದದ್ದು ತಮಗೆ ನೆನಪಿರಬೇಕು. ತಮ್ಮ ಕಾರ್ಡುಗಳಲ್ಲಿದ್ದ ನೀಲಿಗಳನ್ನೆಲ್ಲ, ಅವುಗಳ ಸಮುದ್ರ, ನವಿಲು, ಆಕಾಶದ ಹೆಸರುಗಳ ಸಮೇತ, ಅವಳು ಒಂದೊಂದಾಗಿ ಪಕ್ಕಕ್ಕಿಟ್ಟಳು. ಕೊನೆಗೆ ತಿಪ್ಪೇರುದ್ರಪ್ಪನವರು ತಮ್ಮನ್ನು ಬಿಟ್ಟು ಒಂದು ಹಳೆಯ ಡಬ್ಬಿಯಲ್ಲಿ ಕಡ್ಡಿಯಿಂದ ಕಲಸತೊಡಗಿದರು. ಅವಳು ಬಾಗಿಲ ಮೂಲೆಯ ಕಾಳನ್ನು ನೋಡುತ್ತ, ಇನ್ನೊಂದು ಹನಿ ಕಪ್ಪು, ಸ್ವಲ್ಪ ಬಿಳಿ, ಸಾಕು, ಇಲ್ಲ ಇನ್ನೊಂದು ಹನಿ ಎಂದು ಹೇಳುತ್ತಿದ್ದಳು. ಹೊಸ್ತಿಲ ಹೊರಗೆ ಬಿಸಿಲಿನಲ್ಲಿ ಹಿಡಿದು, ನೆರಳಿಗೆ ತಂದು, ಒಣಗುವವರೆಗೆ ಕಾದು, ಮತ್ತೆ ನೋಡಿದಳು. ಒಂದು ಗಂಟೆ ಹಿಡಿಯಿತು. ನಾನು ಸ್ಟೂಲಿನ ಮೇಲೆ ಕೂತು ಬಾಯಿ ಮುಚ್ಚಿಕೊಂಡಿದ್ದೆ. ಆ ಒಂದು ಗಂಟೆಯ ಬಗ್ಗೆ ನಮ್ಮ ಮನೆಯಲ್ಲಿ ಈಗಲೂ ಯಾರೂ ನಂಬುತ್ತಿಲ್ಲ.

ನೀಲಿ ಸಿದ್ಧವಾದ ಮೇಲೆ ನಾನು ತಮ್ಮ ಐದನೆಯ ಸಲದ ಕೆಂಪಿನ ಇನ್ನೊಂದು ಡಬ್ಬಿಯನ್ನೂ ಕೇಳಿದೆ. ಮೊದಲು ರೈಲಿನ ಮೂರೂ ಡಬ್ಬಿಗೂ ಕೆಂಪು ಬಳಿದು, ಎರಡು ದಿನ ಒಣಗಿಸಿ, ಅದರ ಮೇಲೆ ನೀಲಿ ಬಳಿಯುವುದೆಂದು ತಿಳಿಸಿದೆ. ತಿಪ್ಪೇರುದ್ರಪ್ಪನವರು ಪ್ರಾಮಾಣಿಕರು. ಕೆಳಗಿನ ಬಣ್ಣ ಎಷ್ಟು ಮಾತ್ರಕ್ಕೂ ಕಾಣುವುದಿಲ್ಲ, ಸುಮ್ಮನೆ ಒಂದು ಡಬ್ಬಿ ದಂಡವೆಂದರು. ಓಬವ್ವ ಕೆಂಪಿನ ಡಬ್ಬಿಯನ್ನು ತಾನೇ ಎತ್ತಿ ಚೀಲಕ್ಕೆ ಹಾಕಿಕೊಂಡಳು.

"ಕಾಣ್ದಿದ್ರೂ ಇರ್ಲಿ ಬಿಡ್ರಿ," ಎಂದಳು.

ಕೆಂಪನ್ನು ನಾನು ಬಳಿದೆ, ನೀಲಿಯನ್ನು ಅವಳು ಬಳಿದಳು. ಮೂರು ದಿನ ನಮ್ಮ ಮನೆಯಲ್ಲೇ ಉಳಿದಳು. ಎಂಜಿನ್ನು ಯಾವ ಬಣ್ಣವಿರಬೇಕೆಂಬುದರ ಮೇಲೆ ಹೊಸದಾಗಿ ಒಂದು ಜಗಳ ನಡೆದು ಇನ್ನೂ ತೀರ್ಮಾನವಾಗಿಲ್ಲ. ಆ ವಿಚಾರಣೆ ಈಗ ದಿನಾ ಹನ್ನೊಂದು ಗಂಟೆಗೆ ಫೋನಿನಲ್ಲಿ ನಡೆಯುತ್ತಿದೆ. ದಯಮಾಡಿ ತಾವು ಅದರಲ್ಲಿ ಅಭಿಪ್ರಾಯ ಕೊಡಬಾರದು.

ತಮ್ಮ ಕಣ್ಣಿನ ಮೇಲೆ ವಿಶ್ವಾಸ ಕಳೆದುಕೊಂಡರೂ ಕೆಂಪಿನ ಮಟ್ಟಿಗೆ ಇಂದಿಗೂ ತಮ್ಮ ವಿಶ್ವಾಸಿ,

ಏಕನಾಥಮ್ಮ
ಮದಕರಿಪುರ, ಚಿತ್ರದುರ್ಗ ತಾಲ್ಲೂಕು

ಮರೆತ ಮಾತು: ಈ ಪತ್ರವನ್ನು ಅಂಚೆಗೆ ಹಾಕುವ ಮೊದಲು ಓಬವ್ವನಿಗೆ ಫೋನಿನಲ್ಲಿ ಪೂರ್ತಿ ಓದಿದೆ. ಎಲ್ಲಾ ಚೆನ್ನಾಗಿದೆ, ಆದರೆ ತಪ್ಪಾಯಿತು ಎಂಬ ಮಾತು ಎಲ್ಲಿಯೂ ಬಂದಿಲ್ಲವಲ್ಲ ಎಂದು ಕೇಳಿದಳು. ತಪ್ಪು ತಮ್ಮದೆಂದು ಈಗಾಗಲೇ ಸಾಬೀತಾಗಿರುವುದರಿಂದ, ಕ್ಷಮೆ ಕೋರಿ ಎರಡು ಸಾಲನ್ನು ಅಚ್ಚು ಹಾಕಿ ಹಿರಿಯೂರಿನ ವಿಳಾಸಕ್ಕೆ ತಾವೇ ಕಳಿಸಿಕೊಡಬೇಕು. ಕೆಳಗೆ ಸಹಿಯ ಜಾಗದಲ್ಲಿ ತಮ್ಮ ಹೆಸರು ಹಾಕಿಕೊಳ್ಳಲು ಸಂಕೋಚವಾದರೆ ನನ್ನ ಹೆಸರನ್ನೇ ಹಾಕಿಬಿಡಿ. ನಾನು ಆಕ್ಷೇಪಿಸುವುದಿಲ್ಲ.